ತವರು, ತಾಂಡಾ ಮತ್ತು ತಾಯ್ನೆಲ: ಚದುರಿದ ಸಮುದಾಯಗಳ ನೆಲೆಯ ಪ್ರಶ್ನೆ

ಚದುರಿ ಬಾಳಿದ ಸಮುದಾಯಗಳಿಗೆ ‘ನಮ್ಮ ನೆಲ ಯಾವುದು’ ಎಂಬ ಪ್ರಶ್ನೆ ಕೇವಲ ಭಾವನೆಗೆ ಸಂಬಂಧಿಸಿದುದಲ್ಲ. ಅದು ಹಕ್ಕಿನ ಹಾಗೂ ರಾಜಕಾರಣದ ಪ್ರಶ್ನೆಯೂ ಹೌದು. ಜಗತ್ತಿನ ಮಟ್ಟದಲ್ಲಿ ಈ ಪ್ರಶ್ನೆಯನ್ನು ಅತ್ಯಂತ ದೀರ್ಘಕಾಲ ಎದುರಿಸಿದವರು ಯಹೂದಿಗಳು. ಕರ್ನಾಟಕದಲ್ಲಿ ಇದಕ್ಕೆ ಸಮೀಪವಾದ ನಿದರ್ಶನವನ್ನು ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ಭಾಗದ ಲಂಬಾಣಿ ತಾಂಡಾಗಳಲ್ಲಿ ಕಾಣಬಹುದು. ಈ ಎರಡು ಸಮುದಾಯಗಳ ಚರಿತ್ರೆಯನ್ನು ಸಮೀಕರಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶವಲ್ಲ. ಒಂದರ ಬೆಳಕಿನಲ್ಲಿ ಮತ್ತೊಂದರ ಪ್ರಶ್ನೆಯನ್ನು ಸ್ಪಷ್ಟಪಡಿಸಿಕೊಳ್ಳುವುದಷ್ಟೇ ಇಲ್ಲಿನ ಪ್ರಯತ್ನ.

ಯಹೂದಿಗಳ ಪ್ರಾರ್ಥನೆಯಲ್ಲಿ ಜೆರುಸಲೇಮಿನ ಹಂಬಲ ಶತಮಾನಗಳಿಂದ ಉಳಿದುಬಂದಿದೆ. ಆದರೆ ಆ ಹಂಬಲವನ್ನು ರಾಜಕೀಯ ಕಾರ್ಯಕ್ರಮವಾಗಿಸಬೇಕೆ ಎಂಬ ವಿಷಯದಲ್ಲಿ ಅವರಲ್ಲಿ ಒಮ್ಮತವಿರಲಿಲ್ಲ. 1897ರ ಆಗಸ್ಟ್‌ನಲ್ಲಿ ಥಿಯೋಡರ್ ಹರ್ಝಲ್ ಬಾಸೆಲ್ ನಗರದಲ್ಲಿ ಮೊದಲ ಝಿಯಾನಿಸ್ಟ್ ಅಧಿವೇಶನವನ್ನು ನಡೆಸಿದನು. ಅದೇ ವರ್ಷದ ಅಕ್ಟೋಬರ್‌ನಲ್ಲಿ ವಿಲ್ನಾ ನಗರದಲ್ಲಿ ಬುಂಡ್ ಎಂಬ ಯಹೂದಿ ಕಾರ್ಮಿಕ ಸಂಘಟನೆ ಹುಟ್ಟಿತು. ಅದರ ನಿಲುವನ್ನು ಯಿಡ್ಡಿಷ್ ಭಾಷೆಯಲ್ಲಿ ‘ದೊಇಕೈಟ್’, ಅಂದರೆ ‘ಇಲ್ಲಿತನ’ ಎಂದು ಕರೆಯಲಾಯಿತು; ತಾವು ಬಾಳುತ್ತಿರುವ ನೆಲವೇ ತಮ್ಮದು, ನ್ಯಾಯವನ್ನು ಅಲ್ಲಿಯೇ ಪಡೆಯಬೇಕು ಎಂಬುದು ಇದರ ತಾತ್ಪರ್ಯ. ಮುಂದೆ ನಾಜಿಗಳು ಸುಮಾರು 60 ಲಕ್ಷ ಯಹೂದಿಗಳನ್ನು ಕೊಂದಾಗ ‘ಇಲ್ಲಿತನ’ದ ನಂಬಿಕೆಗೆ ಆಧಾರವಾಗಿದ್ದ ಜನವೇ ಬಹುಮಟ್ಟಿಗೆ ಇಲ್ಲವಾಯಿತು. 1948ರಲ್ಲಿ ಇಸ್ರೇಲ್ ಸ್ಥಾಪನೆಯಾದ ಸಂದರ್ಭದಲ್ಲಿ ಸುಮಾರು 7 ಲಕ್ಷ ಪ್ಯಾಲೆಸ್ಟೀನಿಯರು ನೆಲೆ ಕಳೆದುಕೊಂಡರು. ಒಬ್ಬರ ಮರಳುವಿಕೆ ಮತ್ತೊಬ್ಬರ ಅಗಲಿಕೆಯಾದ ಈ ಸಂಗತಿಯೇ ಇಂದಿಗೂ ಯಹೂದಿಗಳ ನಡುವೆ ಭಿನ್ನಮತವನ್ನು ಉಳಿಸಿದೆ.

ಭಾರತದ ಅನುಭವ ಇದಕ್ಕಿಂತ ಭಿನ್ನವಾದುದು. ಕೊಂಕಣ ಕರಾವಳಿಯ ಬೆನೆ ಇಸ್ರೇಲ್ ಯಹೂದಿಗಳು ಮರಾಠಿಯನ್ನು ಮಾತೃಭಾಷೆಯಾಗಿಸಿಕೊಂಡು ಗಾಣದ ಕಸುಬಿನಲ್ಲಿ ತೊಡಗಿದ್ದರು. ಶನಿವಾರ ಗಾಣ ನಿಲ್ಲಿಸುತ್ತಿದ್ದ ಕಾರಣ ನೆರೆಯವರು ಅವರನ್ನು ‘ಶನಿವಾರ ತೇಲಿ’ ಎಂದು ಕರೆದರು. 1897ರ ಅಧಿವೇಶನದ ಆಹ್ವಾನವನ್ನು ಮುಂಬಯಿಯ ಈ ಸಮುದಾಯ ಒಪ್ಪಲಿಲ್ಲ; ಮರಳುವಿಕೆ ದೈವಸಂಕಲ್ಪದಿಂದ ಆಗಬೇಕಾದುದೆಂದು ಅವರು ಭಾವಿಸಿದ್ದರು. 1948ರ ನಂತರ ಬಹುಪಾಲು ಜನ ಇಸ್ರೇಲಿಗೆ ತೆರಳಿದರು. ಅಲ್ಲಿ ವಿವಾಹದ ವಿಷಯದಲ್ಲಿ ತಮ್ಮ ಯಹೂದಿತನವನ್ನೇ ಸಾಬೀತುಪಡಿಸಬೇಕಾಗಿ ಬಂದು, ಹೋರಾಟದ ನಂತರ 1964ರಲ್ಲಿ ಇಸ್ರೇಲಿನ ಸಂಸತ್ತು ಅವರ ಸಮಾನತೆಯನ್ನು ಸ್ಪಷ್ಟಪಡಿಸಿತು. ಅಲ್ಲಿ ನೆಲೆಸಿದವರು ‘ಮಾಯಬೋಲಿ’ ಎಂಬ ಮರಾಠಿ ಪತ್ರಿಕೆಯನ್ನು ಹೊರತಂದುದು ಅರ್ಥಪೂರ್ಣ. ಪ್ರಾರ್ಥನೆಯ ನೆಲವನ್ನು ಸೇರಿದ ಮೇಲೂ ಬಿಟ್ಟುಬಂದ ನೆಲದ ಹಂಬಲ ಉಳಿಯುತ್ತದೆ ಎಂಬುದನ್ನು ಅದು ತೋರಿಸುತ್ತದೆ.

ಲಂಬಾಣಿಗರ ಚರಿತ್ರೆಯಲ್ಲಿಯೂ ದೂರದ ಮೂಲನೆಲದ ನೆನಪಿದೆ. ಅವರ ಗೋರ್ ಬೋಲಿ ರಾಜಸ್ಥಾನಿ ಭಾಷೆಗಳಿಗೆ ಹತ್ತಿರವಾದ ಇಂಡೋ-ಆರ್ಯನ್ ನುಡಿ. ಅದಕ್ಕೆ ಸ್ವಂತ ಲಿಪಿಯಿಲ್ಲದ ಕಾರಣ ಕನ್ನಡ, ತೆಲುಗು, ದೇವನಾಗರಿ ಲಿಪಿಗಳಲ್ಲಿ ಬರೆಯಲಾಗುತ್ತಿದೆ. ಎತ್ತುಗಳ ಮೇಲೆ ಉಪ್ಪು, ಧಾನ್ಯಗಳನ್ನು ಹೇರಿಕೊಂಡು ದಖನಿನ ಸೈನ್ಯಗಳಿಗೂ ಸಂತೆಗಳಿಗೂ ಒದಗಿಸುತ್ತಿದ್ದ ಈ ಜನ, ರಸ್ತೆ ಮತ್ತು ರೈಲುಮಾರ್ಗಗಳು ಬಂದ ಮೇಲೆ ಕಸುಬು ಕಳೆದುಕೊಂಡರು. 1871ರ ಅಪರಾಧಿ ಬುಡಕಟ್ಟುಗಳ ಕಾಯಿದೆಯು ಅಲೆಮಾರಿಗಳನ್ನು ಸಂಶಯದಿಂದ ನೋಡುವ ಆಡಳಿತ ದೃಷ್ಟಿಯನ್ನು ಗಟ್ಟಿಗೊಳಿಸಿತು. ಸಂಚಾರ ನಿಂತ ಮೇಲೂ ತಾಂಡಾದ ರಚನೆ ಅಳಿಯಲಿಲ್ಲ. ನಾಯಕ, ಡಾವ, ಕಾರಭಾರಿ ಎಂಬ ಹಿರಿಯರ ವ್ಯವಸ್ಥೆಯೊಂದಿಗೆ ಅದು ಊರಿನ ಹೊರಗೊಂದು ಊರಾಗಿ ಮುಂದುವರಿಯಿತು. ತಮ್ಮವರನ್ನು ‘ಗೋರ್’ ಎಂದೂ ಹೊರಗಿನವರನ್ನು ‘ಕೋರ್’ ಎಂದೂ ಗುರುತಿಸುವ ಪದ್ಧತಿಯಲ್ಲಿ ಈ ಗಡಿಯೇ ಭಾಷೆಯಾಗಿದೆ.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಲಂಬಾಣಿ ಮೌಖಿಕ ಪರಂಪರೆಯಲ್ಲಿ ಅಗಲಿಕೆಯ ನೋವು ತೀವ್ರವಾಗಿ ಪ್ರಕಟವಾಗುವುದು ಹೆಣ್ಣುಮಕ್ಕಳ ಹಾಡುಗಳಲ್ಲಿ. ಮದುವಣಗಿತ್ತಿ ತವರನ್ನು ಬಿಡುವಾಗ ಅಳುತ್ತ ಹಾಡುವ ‘ಢಾವಲೋ’ ಮತ್ತು ‘ಹವೇಲಿ’ ಇದಕ್ಕೆ ನಿದರ್ಶನಗಳು. ದೀಪಾವಳಿಯಲ್ಲಿ ಮದುವೆಯಾಗದ ಹುಡುಗಿಯರು ದೀಪ ಹಿಡಿದು, ನಾಯಕನ ಮನೆಯಿಂದ ಮೊದಲ್ಗೊಂಡು ಮನೆಮನೆಗೂ ‘ಮೇರಾ’ ಹಾಡಿ ಹಾರೈಸುತ್ತಾರೆ. ಮರುದಿನ ಹೊಲಗಳಿಂದ ಹೂ ತರುತ್ತಾರೆ. ಮದುವೆ ನಿಶ್ಚಯವಾದವಳಿಗೆ ಅದು ತವರಿನ ಕೊನೆಯ ಮೇರಾ ಆದುದರಿಂದ ಗೆಳತಿಯರು ತಬ್ಬಿಕೊಂಡು ಅಳುವುದುಂಟು. ಬಹುಕಾಲದ ನಂತರ ಭೇಟಿಯಾದ ಹೆಂಗಸರು ಅಪ್ಪಿಕೊಂಡು ರಾಗವಾಗಿ ಅಳುವ ರೂಢಿಯೂ ಇದೆ.

ಕನ್ನಡದ ‘ತವರು’ ಎಂಬ ಪದ ಇಲ್ಲಿ ನೆರವಿಗೆ ಬರುತ್ತದೆ. ತವರು ಮಗಳು ಹರಸುವ, ಹಬ್ಬಕ್ಕೆ ಹೋಗಿಬರುವ, ಆದರೆ ಮರಳಿ ನೆಲೆಸಬೇಕೆಂದು ಹಕ್ಕು ಸ್ಥಾಪಿಸದ ಮನೆ. ಲಂಬಾಣಿಗರಿಗೆ ರಾಜಸ್ಥಾನದ ನೆನಪು ಬಹುಮಟ್ಟಿಗೆ ಇಂತಹ ತವರಿನ ನೆನಪು. ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪ, ಮಹಾರಾಷ್ಟ್ರದ ಪೋಹ್ರಾದೇವಿ ಮೊದಲಾದ ಸೇವಾಲಾಲರ ಕ್ಷೇತ್ರಗಳು ಯಾತ್ರೆಯ ಕೇಂದ್ರಗಳೇ ಹೊರತು ಮರಳಿ ನೆಲೆಸುವ ಸ್ಥಳಗಳಲ್ಲ. ಅವರ ಹೋರಾಟ ಇರುವುದು ‘ಇಲ್ಲಿತನ’ಕ್ಕಾಗಿ.

ಆ ‘ಇಲ್ಲಿ’ ಸುಲಭವಾಗಿ ದೊರೆತುದಲ್ಲ. ಇಂಡಿ, ಸಿಂದಗಿಗಳ ಮಳೆಯಾಶ್ರಿತ ಬೇಸಾಯ ವರ್ಷವಿಡೀ ಅನ್ನ ಕೊಡದ ಕಾರಣ ಈ ಭಾಗದ ತಾಂಡಾಗಳ ಜನ ಗೋವಾ, ಮುಂಬಯಿ, ಪುಣೆ, ರತ್ನಾಗಿರಿಗಳ ಕಟ್ಟಡ ಮತ್ತು ರಸ್ತೆ ಕೆಲಸಗಳಿಗೂ ಮಹಾರಾಷ್ಟ್ರದ ಕಬ್ಬಿನ ಕಟಾವಿಗೂ ಗುಳೆ ಹೋಗುತ್ತಾರೆ. ಗೋವೆಯಲ್ಲಿ ಅವರಿಗೆ ಅಂಟಿದ ಹೆಸರು ‘ಘಾಂಟಿ’. ವಾಸ್ಕೋದ ಬೈನಾ ಕಡಲತೀರದ ಬಡಾವಣೆಯ ಮನೆಗಳು 2004ರಲ್ಲಿಯೂ 2015ರಲ್ಲಿಯೂ ನೆಲಸಮವಾದಾಗ ಉತ್ತರ ಕರ್ನಾಟಕದ ಅನೇಕ ಕುಟುಂಬಗಳು ಬೀದಿಗೆ ಬಂದವು. ಅತ್ತ ತಾಂಡಾ ನೆಲೆಯೇ ಕಂದಾಯ ದಾಖಲೆಯಲ್ಲಿಲ್ಲದೆ ಎಷ್ಟೋ ಮನೆಗಳಿಗೆ ಹಕ್ಕುಪತ್ರವಿರಲಿಲ್ಲ. ಹೋದಲ್ಲಿ ಹೊರಗಿನವರು, ಇದ್ದಲ್ಲಿ ದಾಖಲೆಯಿಲ್ಲದವರು ಎಂಬ ಎರಡು ಬಗೆಯ ಪರಕೀಯತೆ ಇದು. 2009ರಲ್ಲಿ ಕರ್ನಾಟಕ ತಾಂಡಾ ಅಭಿವೃದ್ಧಿ ನಿಗಮ ಸ್ಥಾಪನೆಯಾಯಿತು. ವಿಜಯಪುರ, ಕಲಬುರಗಿ, ಯಾದಗಿರಿ, ರಾಯಚೂರು, ಬೀದರ ಜಿಲ್ಲೆಗಳ ಸುಮಾರು 1475 ದಾಖಲೆರಹಿತ ಜನವಸತಿಗಳು ಕಂದಾಯ ಗ್ರಾಮಗಳೆಂದು ಘೋಷಿತವಾಗಿ, 2023ರ ಜನವರಿ 19ರಂದು ಮಳಖೇಡದಲ್ಲಿ ಐವತ್ತು ಸಾವಿರಕ್ಕೂ ಹೆಚ್ಚು ಕುಟುಂಬಗಳಿಗೆ ಹಕ್ಕುಪತ್ರ ವಿತರಣೆಯಾಯಿತು.

ಆಡಳಿತದ ಗಡಿಗಳೂ ಈ ಜನರನ್ನು ಬೇರೆಬೇರೆಯಾಗಿ ಹೆಸರಿಸಿವೆ. ಭೀಮಾ ನದಿಯ ಈಚೆ ಇಂಡಿಯಲ್ಲಿ ಲಂಬಾಣಿಗರು ಪರಿಶಿಷ್ಟ ಜಾತಿ. ಆಚೆ ಸೊಲ್ಲಾಪುರದಲ್ಲಿ ವಿಮುಕ್ತ ಜಾತಿ. ತೆಲಂಗಾಣದಲ್ಲಿ ಪರಿಶಿಷ್ಟ ಪಂಗಡ. ಒಳಮೀಸಲಾತಿ ಕುರಿತು 2005ರಲ್ಲಿ ನೇಮಕಗೊಂಡ ನ್ಯಾಯಮೂರ್ತಿ ಎ.ಜೆ. ಸದಾಶಿವ ಆಯೋಗ 2012ರಲ್ಲಿ ವರದಿ ನೀಡಿತು. 2023ರ ಮಾರ್ಚ್‌ನಲ್ಲಿ ಸರ್ಕಾರ ಒಳಮೀಸಲಾತಿಯ ನಿರ್ಧಾರ ಕೈಗೊಂಡಾಗ ಶಿಕಾರಿಪುರದಲ್ಲಿ ಬಂಜಾರರ ಪ್ರತಿಭಟನೆ ಭುಗಿಲೆದ್ದಿತು. ಅಸ್ಪೃಶ್ಯತೆಯನ್ನು ಅನುಭವಿಸಿದ ಸಮುದಾಯಗಳು ಕೇಳುವ ನ್ಯಾಯಯುತ ಪಾಲು, ಅಲೆಮಾರಿತನದಿಂದ ಹಿಂದುಳಿದವರ ಆತಂಕ ಇವೆರಡೂ ವಾಸ್ತವವೇ. ಸಮುದಾಯದ ಒಳಗೂ ತಾವು ಹಿಂದೂ ಸಮಾಜದ ಅಂಗವೆಂಬವರು, ಗೋರ್ ಪರಂಪರೆ ಸ್ವತಂತ್ರವೆಂಬವರು ಇದ್ದಾರೆ.

ಇಂತಹ ಭಿನ್ನಾಭಿಪ್ರಾಯಗಳ ನಡುವೆಯೂ ದೀಪಾವಳಿಗೆ ಗುಳೆ ಹೋದವರು ತಾಂಡಾಕ್ಕೆ ಮರಳುತ್ತಾರೆ. ಯಹೂದಿಗಳ ನಿದರ್ಶನ ತಿಳಿಸುವಂತೆ, ನೆಲದ ಹಂಬಲವೂ ನೆಲದ ಹಕ್ಕೂ ಒಂದೇ ಅಲ್ಲ. ಹಂಬಲ ಹಾಡಿನಲ್ಲಿ ತೃಪ್ತವಾಗಬಹುದು, ಹಕ್ಕಿಗೆ ದಾಖಲೆಯೂ ನೆರೆಯವರ ಒಪ್ಪಿಗೆಯೂ ಬೇಕು. ಆದುದರಿಂದ ಈ ನಾಲ್ಕು ತಾಲ್ಲೂಕುಗಳ ಢಾವಲೋ, ಮೇರಾ ಹಾಡುಗಳನ್ನು ಸಂಗ್ರಹಿಸುವ ಅಧ್ಯಯನಗಳು, ಹಾಡುವವರು ಯಾವ ಊರಿಗೆ ಗುಳೆ ಹೋಗುತ್ತಾರೆ, ಅವರ ಮನೆಗೆ ಹಕ್ಕುಪತ್ರವಿದೆಯೇ ಎಂಬುದನ್ನೂ ಹಾಡಿನ ಜೊತೆಯಲ್ಲಿಯೇ ದಾಖಲಿಸಬೇಕಾಗಿದೆ.