ಯಂತ್ರದ ಸದ್ದು ಮತ್ತು ನಮ್ಮ ಕಿವಿ

ತೋಟದ ಕೆಲಸಕ್ಕೆ ಆಳುಗಳು ಸಿಗದ ಈ ದಿನಗಳಲ್ಲಿ ಯಂತ್ರಗಳಿಲ್ಲದೆ ನಡೆಯದು ಎಂಬುದು ಸದಸ್ಯರೆಲ್ಲರ ಅನುಭವ. ಕಳೆ ಹೊಡೆಯಲು ವೀಡ್ ಕಟ್ಟರ್, ಮರಗಸಿಗೆ ಯಂತ್ರದ ಗರಗಸ, ಔಷಧಿಗೆ ಪವರ್ ಸ್ಪ್ರೇಯರ್, ಹಣ್ಣಿಗೆ ಪಲ್ಪರ್, ಅಂಗಳದಲ್ಲಿ ಅಡಿಕೆ ಸುಲಿಯುವ ಯಂತ್ರ. ವರ್ಷವಿಡೀ ಒಂದಲ್ಲ ಒಂದು ಸದ್ದು. ಬ್ಲೇಡಿನಿಂದ ಕಾಲನ್ನು, ಔಷಧಿಯಿಂದ ಕಣ್ಣನ್ನು ಕಾಪಾಡಿಕೊಳ್ಳಬೇಕೆಂದು ನಾವೆಲ್ಲ ಬಲ್ಲೆವು. ಕಿವಿಯ ವಿಚಾರ ಮಾತ್ರ ಹಿಂದೆ ಬಿದ್ದಿದೆ. ಸದ್ದಿನಿಂದ ರಕ್ತ ಬರುವುದಿಲ್ಲ, ಸಾಮಾನ್ಯವಾಗಿ ನೋವೂ ಆಗುವುದಿಲ್ಲ ಎಂಬುದೇ ಇದಕ್ಕೆ ಕಾರಣ.

ಕೆಡುವುದು ಹೇಗೆ?

ಕಿವಿಯ ಒಳಭಾಗದಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುರುಳಿಯಾದ ಒಂದು ಅಂಗವಿದೆ. ಅದರಲ್ಲಿ ಸುಮಾರು 15,000 ಸೂಕ್ಷ್ಮ ರೋಮಕೋಶಗಳಿವೆ. ಶಬ್ದವನ್ನು ಹಿಡಿದು ನರಕ್ಕೆ ಮುಟ್ಟಿಸುವುದು ಇವುಗಳ ಕೆಲಸ. ಅತಿಯಾದ ಸದ್ದಿಗೆ ಇವು ದಣಿಯುತ್ತವೆ. ದಿನವೂ ಹೊಡೆತ ಬಿದ್ದರೆ ಸಾಯುತ್ತವೆ. ಕತ್ತರಿಸಿದ ಕಾಫಿ ಗಿಡ ಚಿಗುರೀತು, ಸತ್ತ ರೋಮಕೋಶ ಮತ್ತೆ ಹುಟ್ಟದು. ಕಳೆದುಹೋದ ಶ್ರವಣವನ್ನು ಮರಳಿಸುವ ಔಷಧಿಯಿಲ್ಲ.

ಮೊದಲು ಹೋಗುವುದು ತೀಕ್ಷ್ಣ ಸ್ವರಗಳು. ಮಾತಿನಲ್ಲಿ ಸ, ಶ, ತ, ಕ ಮುಂತಾದವು ಅಸ್ಪಷ್ಟವಾಗುತ್ತವೆ. "ಮಾತು ಕೇಳುತ್ತದೆ, ಆದರೆ ತಿಳಿಯುವುದಿಲ್ಲ" ಎಂಬ ದೂರು ಬರುವುದು ಹೀಗೆ. ಕೆಲಸ ಮುಗಿದ ಸಂಜೆ ಕಿವಿ ಗುಂಯ್‌ಗುಟ್ಟಿದರೆ ಅದೇ ಮೊದಲ ಎಚ್ಚರಿಕೆ. ಬೆಳಿಗ್ಗೆ ಸರಿಹೋಯಿತೆಂದು ಉಪೇಕ್ಷಿಸಬಾರದು.

ಇದು ಹೊಸ ವಿಷಯವಲ್ಲ. ಗ್ಲಾಸ್ಗೋ ನಗರದ ವೈದ್ಯ ಥಾಮಸ್ ಬಾರ್ 1886ರಲ್ಲಿ ಬಾಯ್ಲರ್ ತಯಾರಿಸುವ 100 ಕೆಲಸಗಾರರನ್ನು ಪರೀಕ್ಷಿಸಿದಾಗ ಒಬ್ಬರ ಕಿವಿಯೂ ಸರಿಯಾಗಿರಲಿಲ್ಲ.

ಎಷ್ಟು ಸದ್ದು, ಎಷ್ಟು ಹೊತ್ತು?

ಅಮೆರಿಕದ ರಾಷ್ಟ್ರೀಯ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯ ಸಂಸ್ಥೆ ಸೂಚಿಸಿರುವ ಮಿತಿ 85 ಡೆಸಿಬೆಲ್, ದಿನಕ್ಕೆ 8 ಗಂಟೆ. ಪ್ರತಿ 3 ಡೆಸಿಬೆಲ್ ಏರಿದಾಗ ಅವಧಿ ಅರ್ಧಕ್ಕಿಳಿಯುತ್ತದೆ: 88ಕ್ಕೆ 4 ಗಂಟೆ, 91ಕ್ಕೆ 2 ಗಂಟೆ, 94ಕ್ಕೆ 1 ಗಂಟೆ, 100ಕ್ಕೆ 15 ನಿಮಿಷ. ಯಂತ್ರದ ಗರಗಸ ಸಾಮಾನ್ಯವಾಗಿ 100ನ್ನು ದಾಟುತ್ತದೆ. ಅಳೆಯುವ ಉಪಕರಣ ಬೇಕಿಲ್ಲ. ಮೂರಡಿ ದೂರದವರಿಗೆ ಕೂಗಿ ಹೇಳಬೇಕಾದರೆ ಸದ್ದು ಮಿತಿ ಮೀರಿದೆಯೆಂದೇ ತಿಳಿಯಿರಿ.

ಕಾಪು ಯಾವುದು?

ಹತ್ತಿಯಿಂದ ಪ್ರಯೋಜನ ತೀರಾ ಕಡಿಮೆ. ಹಾಡು ಕೇಳುವ ಇಯರ್‌ಫೋನು ರಕ್ಷಣೆಯಲ್ಲ. ಯಂತ್ರವನ್ನು ಮೀರಿಸಲು ಹಾಡನ್ನು ಜೋರು ಮಾಡಿದರೆ ಹಾನಿ ಹೆಚ್ಚುತ್ತದೆ. ಬೇಕಾದದ್ದು ಸದ್ದು ತಡೆಯಲೆಂದೇ ಮಾಡಿದ ಇಯರ್ ಪ್ಲಗ್ ಅಥವಾ ಇಯರ್ ಮಫ್.

ಸ್ಪಂಜಿನ ಪ್ಲಗ್ ಹಾಕುವ ಮುನ್ನ ಕೈ ತೊಳೆಯಿರಿ. ಅದನ್ನು ಬೆರಳುಗಳಲ್ಲಿ ತೆಳ್ಳಗೆ ಹೊಸೆದು, ಇನ್ನೊಂದು ಕೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು ಒಳಸೇರಿಸಿ, ಅರಳುವ ತನಕ ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಔಷಧಿ, ಎಣ್ಣೆ, ಮಣ್ಣಿನ ಕೈಗಳ ಕೆಲಸಕ್ಕೆ ಮಫ್ ಮೇಲು. ಅದರ ಮೆತ್ತೆ ಕಿವಿಯ ಸುತ್ತ ಬಿಗಿಯಾಗಿ ಕೂರಬೇಕು. ತಲೆಗೆ ಸುತ್ತಿದ ಟವಲಿನ ಮೇಲೆ ಹಾಕಿದರೆ ಸಂದಿಯಿಂದ ಸದ್ದು ನುಗ್ಗುತ್ತದೆ. ಕಿವಿ ಸೋರುವವರು ಪ್ಲಗ್ ಬಳಸದೆ ವೈದ್ಯರನ್ನು ಕಾಣಬೇಕು.

ಎಂಟು ಗಂಟೆಯ ಕೆಲಸದಲ್ಲಿ ನಾಲ್ಕು ಗಂಟೆ ಮಾತ್ರ ಹಾಕಿಕೊಂಡರೆ, ಎಷ್ಟೇ ಉತ್ತಮ ಮಫ್ ಆದರೂ ಒಟ್ಟು ಲಾಭ ಕೇವಲ 3 ಡೆಸಿಬೆಲ್. ಆದ್ದರಿಂದ ಯಂತ್ರ ನಿಲ್ಲುವ ತನಕ ತೆಗೆಯಬಾರದು.

ಆನೆ ಬಂದರೆ?

ಕೊಡಗು, ಸಕಲೇಶಪುರ, ಮೂಡಿಗೆರೆ ಕಡೆಯ ಬೆಳೆಗಾರರು ಕೇಳುವ ಪ್ರಶ್ನೆಯಿದು. ನ್ಯಾಯವಾದ ಭಯವೇ. ಆದರೆ ಗರಗಸದ ಅಬ್ಬರದಲ್ಲಿ ಬರಿಗಿವಿಗೂ ಆನೆಯ ಸುಳಿವು ಸಿಗುವುದು ಕಷ್ಟ. ದೂರ ನಿಂತು ನೋಡುವ ಒಬ್ಬರನ್ನು ಕಾವಲಿಗೆ ಇಡಿ. ಕೈಸನ್ನೆಗಳನ್ನು ಮೊದಲೇ ಗೊತ್ತುಮಾಡಿಕೊಳ್ಳಿ. ಆಗಾಗ ಯಂತ್ರ ನಿಲ್ಲಿಸಿ, ಮಫ್ ತೆಗೆದು ಆಲಿಸಿ. ಮರ ಬೀಳಿಸುವಾಗಲೂ ಇದೇ ಕ್ರಮ. ಹತ್ತಾರು ವರ್ಷ ಬರಿಗಿವಿಯಲ್ಲಿ ದುಡಿದು ಕಿವುಡಾದವನಿಗೆ ಯಂತ್ರ ನಿಂತ ಮೇಲೂ ಕೊಂಬೆ ಮುರಿಯುವ ಸದ್ದು ಕೇಳದು ಎಂಬುದನ್ನು ಯೋಚಿಸಿ.

ಇತರ ಕ್ರಮಗಳು

ಸೈಲೆನ್ಸರ್ ಒಡೆದಿದ್ದರೆ ಕೂಡಲೇ ಬದಲಿಸಿ. ಸಡಿಲವಾದ ಬೋಲ್ಟು ಬಿಗಿಗೊಳಿಸಿ, ಬೇರಿಂಗಿಗೆ ಗ್ರೀಸು ಹಾಕಿ. ಸ್ಪ್ರೇಯರಿನ ಎಂಜಿನನ್ನು ಪೈಪು ಎಟುಕುವಷ್ಟು ದೂರವಿಡಿ; ಬಯಲಿನಲ್ಲಿ ದೂರ ಇಮ್ಮಡಿಯಾದರೆ ಸದ್ದು ಸುಮಾರು 6 ಡೆಸಿಬೆಲ್ ತಗ್ಗುತ್ತದೆ. ಒಬ್ಬರನ್ನೇ ಇಡೀ ದಿನ ಯಂತ್ರಕ್ಕೆ ಹಚ್ಚದೆ ಸರದಿ ಮಾಡಿ. ಅಡಿಕೆ ಸುಲಿಯುವಲ್ಲಿ ಮಕ್ಕಳನ್ನು ಕೂರಿಸಬೇಡಿ. ಅನುಮಾನವಿದ್ದವರು ಶ್ರವಣ ಪರೀಕ್ಷೆ ಮಾಡಿಸಿಕೊಳ್ಳಲಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಇದಕ್ಕೆ ವ್ಯವಸ್ಥೆಯಿದೆ. ಇದ್ದಕ್ಕಿದ್ದಂತೆ ಕಿವಿ ಕೇಳದಾದರೆ ಒಂದು ದಿನವೂ ತಡಮಾಡಬಾರದು.

ಸದಸ್ಯರಲ್ಲಿ ನಮ್ಮ ಅರಿಕೆ ಇಷ್ಟೆ. ಯಂತ್ರ ಕೊಳ್ಳುವಾಗಲೇ ಅದರೊಂದಿಗೆ ಮಫ್ ಕೊಂಡು, ಯಂತ್ರದ ಹಿಡಿಗೇ ತೂಗುಹಾಕಿ. ಗುತ್ತಿಗೆಗೆ ಬಂದು ಕಳೆ ಹೊಡೆಯುವವರಿಗೂ ಕೊಡಿ. ದುಡಿಯುವ ಕಿವಿ ಅವರದಾದರೂ ತೋಟ ನಮ್ಮದು, ಹೊಣೆಯೂ ನಮ್ಮದೇ.