ಹೆತ್ತವರ ಹೊರೆ, ಮಕ್ಕಳ ಕಾಲೇಜು ಫೀಸು

ಒಬ್ಬರ ಪಾಪದ ಹೊರೆಯನ್ನು ಇನ್ನೊಬ್ಬರು ಹೊರುವುದಿಲ್ಲ ಎಂಬುದು ಸೂರಃ ಫಾತಿರ್‌ನ 18ನೇ ಆಯತ್ತಿನ ಸಾರ. ಕಳೆದ ಜುಮುಅದ ಖುತ್ಬಾದಲ್ಲಿ ನಾವು ಇದನ್ನು ವಿವರಿಸಿದ ಮೇಲೆ ಕೆಲವು ಯುವಕರು ಅಮೆರಿಕದ ಕಾಲೇಜು ಫೀಸಿನ ವಿವಾದದ ಬಗ್ಗೆ ಕೇಳಿದರು. ಅದನ್ನಿಲ್ಲಿ ಸ್ವಲ್ಪ ಬಿಡಿಸಿ ಹೇಳುತ್ತೇವೆ.

ದಾಖಲೆಪತ್ರಗಳಿಲ್ಲದೆ ಅಮೆರಿಕದಲ್ಲಿ ನೆಲೆಸಿದವರ ಜೊತೆ ಚಿಕ್ಕಂದಿನಲ್ಲೇ ಬಂದ ಮಕ್ಕಳು ಅಲ್ಲಿ ಬಹಳ ಮಂದಿ ಇದ್ದಾರೆ. ಇಂಥ ಮಕ್ಕಳ ಶಾಲೆಗೆ ಸರಕಾರಿ ಹಣ ಕೊಡುವುದಿಲ್ಲ ಎಂದು ಟೆಕ್ಸಾಸ್ ರಾಜ್ಯ 1975ರಲ್ಲಿ ಕಾನೂನು ಮಾಡಿತು. ಟೈಲರ್ ಎಂಬ ಊರಿನ ಶಾಲೆಗಳು ಒಂದು ಮಗುವಿಗೆ ವರ್ಷಕ್ಕೆ 1000 ಡಾಲರ್ ಕೇಳಿದವು. 1982ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ 'ಪ್ಲೈಲರ್ ವಿರುದ್ಧ ಡೋ' ಪ್ರಕರಣದಲ್ಲಿ ಆ ಕಾನೂನನ್ನು ರದ್ದುಪಡಿಸಿತು. ಹೆತ್ತವರು ಮಾಡಿದ್ದಕ್ಕೆ ಮಕ್ಕಳನ್ನು ದಂಡಿಸುವುದು ನ್ಯಾಯವಲ್ಲ ಎಂದು ಒಂಬತ್ತರಲ್ಲಿ ಐವರು ನ್ಯಾಯಾಧೀಶರು ಒಪ್ಪಿದರು.

ಆದರೆ ಆ ರಕ್ಷಣೆ ಹನ್ನೆರಡನೇ ತರಗತಿಗೆ ಮುಗಿಯುತ್ತದೆ. ಸರಕಾರಿ ವಿಶ್ವವಿದ್ಯಾಲಯಗಳಲ್ಲಿ ರಾಜ್ಯದ ನಿವಾಸಿಗೆ ಒಂದು ಫೀಸು, ಹೊರಗಿನವರಿಗೆ ಮೂರು ಪಟ್ಟು, ಕೆಲವೆಡೆ ಅದಕ್ಕೂ ಹೆಚ್ಚು. ನಮ್ಮಲ್ಲಿ ಸರಕಾರಿ ಸೀಟು, ಮ್ಯಾನೇಜ್‌ಮೆಂಟ್ ಸೀಟು ಇದ್ದ ಹಾಗೆ ಎಂದುಕೊಳ್ಳಿ. ಇವರಿಗೆ ಕೇಂದ್ರ ಸರಕಾರದ ಶಿಕ್ಷಣ ಸಾಲವೂ ಸಿಗುವುದಿಲ್ಲ. 2001ರಲ್ಲಿ ಅದೇ ಟೆಕ್ಸಾಸ್ ಮೊದಲಾಗಿ ದಾರಿ ತೆರೆಯಿತು: ರಾಜ್ಯದಲ್ಲಿ ಮೂರು ವರ್ಷ ಇದ್ದು ಹೈಸ್ಕೂಲ್ ಮುಗಿಸಿ, ಅವಕಾಶ ಸಿಕ್ಕೊಡನೆ ಕಾಯಂ ವಾಸಕ್ಕೆ ಅರ್ಜಿ ಹಾಕುತ್ತೇನೆಂದು ಬರೆದುಕೊಟ್ಟರೆ ನಿವಾಸಿಯ ಫೀಸೇ ಸಾಕು. ಉಚಿತವೇನಲ್ಲ, ಸಹಪಾಠಿ ಕಟ್ಟುವಷ್ಟೇ.

ವಿರೋಧಿಗಳ ವಾದವನ್ನೂ ತಳ್ಳಿಹಾಕಲಾಗದು. ಪಕ್ಕದ ರಾಜ್ಯದ ಪ್ರಜೆ ಹೆಚ್ಚು ಕಟ್ಟುವಾಗ ಇವರಿಗೇಕೆ ಕಡಿಮೆ ಎನ್ನುತ್ತಾರೆ. ವಾಸದ ಆಧಾರದ ಮೇಲೆ ಅಂಥ ರಿಯಾಯಿತಿ ಕೊಡುವುದಾದರೆ ದೇಶದ ಎಲ್ಲ ಪ್ರಜೆಗಳಿಗೂ ಕೊಡಬೇಕೆಂದು 1996ರ ಕೇಂದ್ರ ಕಾನೂನು ಹೇಳುತ್ತದೆ. ನಮ್ಮ ಮಾನದಂಡ ವಾಸವಲ್ಲ, ಓದಿದ ಶಾಲೆ ಎಂದು ಕ್ಯಾಲಿಫೋರ್ನಿಯಾ ವಾದಿಸಿತು; ಆ ರಾಜ್ಯದ ಸುಪ್ರೀಂ ಕೋರ್ಟ್ 2010ರಲ್ಲಿ ಅದನ್ನು ಒಪ್ಪಿತು.

ನಮಗೆ ಕಸಿವಿಸಿಯಾಗುವುದು 2025ರ ಜೂನ್‌ನಲ್ಲಿ ನಡೆದುದರಿಂದ. ಕೇಂದ್ರ ಸರಕಾರ ಟೆಕ್ಸಾಸ್ ಮೇಲೆ ದಾವೆ ಹೂಡಿತು. ರಾಜ್ಯ ತನ್ನದೇ ಕಾನೂನನ್ನು ಸಮರ್ಥಿಸದೆ ಅದೇ ದಿನ ಒಪ್ಪಿತು. ನ್ಯಾಯಾಧೀಶರು ಅದೇ ದಿನ ರದ್ದುಪಡಿಸಿದರು. ಫೀಸು ಕಟ್ಟಬೇಕಾದ ವಿದ್ಯಾರ್ಥಿಗಳ ಮಾತು ಕೇಳಿದವರಿಲ್ಲ. ಎರಡನೆಯವನ ಮಾತು ಕೇಳುವವರೆಗೆ ತೀರ್ಪು ಕೊಡಬೇಡ ಎಂದು ಪ್ರವಾದಿ(ಸ) ಅಲೀ(ರ)ಯವರಿಗೆ ಕಲಿಸಿದ್ದರು.

ನಮ್ಮ ಕಡೆಯಿಂದ ಎಚ್-1ಬಿ ವೀಸಾದಲ್ಲಿ ಹೋದ ಕುಟುಂಬಗಳಿಗೂ ಇಂಥದೇ ಚಿಂತೆಯೊಂದಿದೆ. ಗ್ರೀನ್ ಕಾರ್ಡ್ ಸಾಲಿನಲ್ಲಿ ಕಾಯುತ್ತಿರುವಾಗಲೇ ಮಗುವಿಗೆ 21 ತುಂಬಿದರೆ ತಂದೆಯ ವೀಸಾದ ಆಸರೆ ತಪ್ಪಬಹುದು. ಅಲ್ಲಿ ಸಂಬಂಧಿಕರಿದ್ದರೆ, ಆ ವಯಸ್ಸಿಗೆ ಮುಂಚೆಯೇ ವಕೀಲರನ್ನು ಕಾಣಲು ತಿಳಿಸಿ.