ಯಾಚಮ ನಾಯಕನ ರಾಜನಿಷ್ಠೆ

ವಿಜಯನಗರದ ಕಥೆ 1565ರ ರಕ್ಕಸತಂಗಡಿ ಯುದ್ಧದೊಡನೆ ಮುಗಿಯಿತೆಂದೇ ಸರಟೋಗಾದ ನಾವು ನಮ್ಮ ಮಕ್ಕಳಿಗೆ ಹೇಳುತ್ತೇವೆ. ಆದರೆ ಅರವೀಡು ವಂಶದ ಅರಸರು ಪೆನುಗೊಂಡೆ, ಚಂದ್ರಗಿರಿ, ವೆಲ್ಲೂರುಗಳಿಂದ ಆ ರಾಜ್ಯವನ್ನು ಮತ್ತೂ ಹಲವು ದಶಕ ಆಳಿದರು.

1614ರಲ್ಲಿ ವೆಂಕಟಪತಿರಾಯನು ಅಣ್ಣನ ಮಗ ಶ್ರೀರಂಗನಿಗೆ ಪಟ್ಟ ಕೊಟ್ಟು ತೀರಿಕೊಂಡನು. ರಾಣಿಯ ಬಂಧು ಗೊಬ್ಬೂರಿ ಜಗ್ಗರಾಯನು ಹೊಸ ಅರಸನನ್ನು ಸಂಸಾರಸಮೇತ ಸೆರೆಯಲ್ಲಿಟ್ಟು, ರಾಣಿಯ ಮಗನೆನಿಸಿಕೊಂಡ ಹುಡುಗನನ್ನು ಗದ್ದುಗೆಯಲ್ಲಿ ಕೂರಿಸಿದನು. ಇತರ ನಾಯಕರು ತಲೆಬಾಗಿದರು. ವೆಲುಗೋಟಿ ಯಾಚಮ ನಾಯಕನು ಮಾತ್ರ ಒಪ್ಪಲಿಲ್ಲ. ಅವನ ಏರ್ಪಾಟಿನಂತೆ ಅಗಸನೊಬ್ಬನು ಶ್ರೀರಂಗನ ಮಗ ರಾಮನನ್ನು ಬಟ್ಟೆಯ ಗಂಟಿನಲ್ಲಿ ಬಚ್ಚಿಟ್ಟು ಕೋಟೆಯಿಂದ ಹೊರತಂದನು. ಸೆರೆಯಲ್ಲಿ ಉಳಿದವರನ್ನೆಲ್ಲ ಜಗ್ಗರಾಯನು ಕೊಲ್ಲಿಸಿದನೆಂದು ಪೋರ್ಚುಗೀಸ್ ಪಾದ್ರಿ ಬರ್‍ರಾದಾಸನು 1616ರಲ್ಲಿ ಬರೆದಿದ್ದಾನೆ.

ಯಾಚಮನು ಕುದುರೆ, ಕಾಲಾಳುಗಳ ದಂಡು ಕಟ್ಟಿ, ತಂಜಾವೂರಿನ ರಘುನಾಥ ನಾಯಕನ ನೆರವಿನಿಂದ ಕಾವೇರಿಯ ದೊಡ್ಡ ಅಣೆಕಟ್ಟಿನ ಬಳಿಯ ತೋಪೂರಿನಲ್ಲಿ ಕಾದಿದನು. ಜಗ್ಗರಾಯನು ಅಲ್ಲಿ ಮಡಿದನು. ರಾಮದೇವರಾಯನು 1632ರವರೆಗೆ ಆಳಿದನು.

ಇಷ್ಟು ದಂಡು ಕೈಯಲ್ಲಿದ್ದರೂ ಯಾಚಮನು ಗದ್ದುಗೆಯನ್ನು ತನಗೆಂದು ಬಯಸದೆ ಅದನ್ನು ಹುಡುಗನಿಗೇ ಒಪ್ಪಿಸಿದನು. ಮಕ್ಕಳಿಗೆ ಈ ಕಥೆ ಹೇಳುವಾಗ ಆ ಅಗಸನನ್ನೂ ಮರೆಯದಿರೋಣ. ಅವನು ಗಂಟು ಹೊರದಿದ್ದರೆ ನಾಯಕನ ನಿಷ್ಠೆಗೆ ಅರಸನೇ ಉಳಿಯುತ್ತಿರಲಿಲ್ಲ.